ಒಬ್ಬಳೇ ಕ್ಯಾಮೆರಾ ಹಿಡಿದು ಪೇಟೆ ಸುತ್ತಬಹುದಾ?

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು. ವಯಸ್ಸು 25. ಕಾಸರಗೋಡು ಪೇಟೆಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ. ಜೊತೆಗೆ ಎರಡು ಲೆನ್ಸ್ ಬಂತು, ಹತ್ತಿರದ್ದಕ್ಕೆ 18–55 ಮತ್ತು ದೂರದ್ದಕ್ಕೆ 55–250. ಶನಿವಾರ ಕೆಲಸ ಮುಗಿಸಿ ಒಬ್ಬಳೇ ಸುತ್ತಾಡಿ ಫೋಟೋ ತೆಗೆಯುತ್ತಿದ್ದೆ. ಕಳೆದ ತಿಂಗಳು ಮೀನು ಮಾರ್ಕೆಟ್ ಹತ್ತಿರ ರಸ್ತೆಯ ಈಚೆ ಬದಿಯಲ್ಲಿ ನಿಂತು, ದೊಡ್ಡ ಲೆನ್ಸ್ ಹಾಕಿ ಮೀನು ಮಾರುವ ಹೆಂಗಸರ ಫೋಟೋ ತೆಗೆಯುತ್ತಿದ್ದಾಗ ಒಬ್ಬರು ನನ್ನ ಕಡೆ ನೋಡಿ ಜೋರು ಮಾಡಿದರು. ನಾನು ಕ್ಯಾಮೆರಾ ಬ್ಯಾಗಿಗೆ ತುರುಕಿ ಬೇಗ ಬೇಗ ನಡೆದೆ. ಅವರು ಬಂದು ಅಡ್ಡ ನಿಂತರು. ಎರಡು ನಿಮಿಷದಲ್ಲಿ ಹತ್ತು ಜನ ಸೇರಿದರು. ನನಗೆ ಮಲಯಾಳ ಅರ್ಥ ಆಗುತ್ತದೆ, ಗಾಬರಿಯಾದಾಗ ಬಾಯಿಗೆ ಬರುವುದಿಲ್ಲ. ಎಲ್ಲ ಫೋಟೋ ಡಿಲೀಟ್ ಮಾಡಿ, ಅಳು ತಡೆದುಕೊಂಡು ಬಸ್ ಹತ್ತಿದೆ. ಆಮೇಲೆ ಕ್ಯಾಮೆರಾ ಕಪಾಟಿನಿಂದ ಹೊರಗೆ ಬಂದಿಲ್ಲ. "ತಮ್ಮನನ್ನು ಕರೆದುಕೊಂಡು ಹೋಗು" ಅನ್ನುತ್ತಾರೆ ಅಮ್ಮ. "ಪಬ್ಲಿಕ್ ಜಾಗ, ಕಾನೂನು ನಿನ್ನ ಕಡೆ ಇದೆ, ಡಿಲೀಟ್ ಮಾಡಬಾರದಿತ್ತು" ಅನ್ನುತ್ತಾಳೆ ಗೆಳತಿ. ಫೋನಿನಲ್ಲಿ ತೆಗೆದರೆ ಯಾರಿಗೂ ಗೊತ್ತಾಗಲ್ಲ ಅನ್ನುತ್ತಾರೆ ಆಫೀಸಿನವರು. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬೇಕಾ? ಸಂಜೆ ಮೇಲೆ ಹೋಗಬಹುದಾ? ಒಬ್ಬಳೇ ಹೋಗೋದೇ ತಪ್ಪಾ?
— ಓದುಗಿ, ಬದಿಯಡ್ಕ

ಉತ್ತರ: ತಪ್ಪಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ನಿಮಗೆ ಬೈಗುಳದ ಹಾಗೆ ಕೇಳಿಸಬಹುದು.

ನಾನು ಇದೇ ಪೇಟೆಯಲ್ಲಿ 19 ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಹೊಟ್ಟೆಪಾಡಿಗೆ ಮದುವೆ. ನಮ್ಮಲ್ಲಿ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕಡೆಗೆ ಹೆಂಗಸೇ ಫೋಟೋಗ್ರಾಫರ್ ಬೇಕು ಅಂತ ಕೇಳುವ ಮನೆಗಳು ಬಹಳ. ಹಾಗಾಗಿ ನನಗೆ ಕೆಲಸಕ್ಕೆ ಬರ ಇಲ್ಲ. ಮದುವೆ ಇಲ್ಲದ ದಿನ ಬೀದಿ, ಒಬ್ಬಳೇ. ಜಗಳ ಆಗಿದೆ, ಬಿದ್ದಿದ್ದೇನೆ, ಎರಡು ಸಲ ಯಾರೋ ಬೆನ್ನು ಹತ್ತಿ ಬಂದಿದ್ದಾರೆ. ಕ್ಯಾಮೆರಾ ಮಾತ್ರ ಬೀದಿಯಲ್ಲಿ ಕಳುವಾಗಿಲ್ಲ. ಒಂದು ಲೆನ್ಸ್ ಕಳುವಾದದ್ದು ಮದುವೆ ಹಾಲಿನಲ್ಲಿ, ಎಲ್ಲರೂ ಬಿರಿಯಾನಿಗೆ ಕುಳಿತಿದ್ದಾಗ.

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಇದೆ. ಜನ ಸೇರಿ ಏನಾದರೂ ಮಾಡಿಬಿಟ್ಟರೆ ಅನ್ನೋದು ಒಂದು. ಹೆಣ್ಣು ಒಬ್ಬಳೇ ಇದ್ದಾಳೆ ಅಂತ ಯಾರಾದರೂ ಹಿಂದೆ ಬಿದ್ದರೆ ಅನ್ನೋದು ಇನ್ನೊಂದು. ಇವೆರಡನ್ನೂ ಒಂದೇ ಗಂಟು ಕಟ್ಟಬೇಡಿ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಮೀನು ಮಾರ್ಕೆಟಿನದು. ಅವತ್ತಿನದನ್ನು ಒಮ್ಮೆ ಆಚೆ ಬದಿಯಿಂದ ನೋಡಿ. ಒಬ್ಬ ಹೆಂಗಸು ಬುಟ್ಟಿ ಮುಂದೆ ಕುಳಿತಿದ್ದಾಳೆ. ರಸ್ತೆಯ ಆಚೆ ಯಾರೋ ಉದ್ದ ಲೆನ್ಸ್ ಹಿಡಿದು ನಿಂತಿದ್ದಾರೆ. ಮಾತಿಲ್ಲ, ನಗೆ ಇಲ್ಲ. ಕೂಗಿದ ತಕ್ಷಣ ಕ್ಯಾಮೆರಾ ಬ್ಯಾಗಿಗೆ ಹೋಯಿತು, ಕಾಲು ಓಡತೊಡಗಿತು. ನಿಮಗೆ ಅದು ಹೆದರಿಕೆ. ಅವರಿಗೆ ಅದು ಸಿಕ್ಕಿಬಿದ್ದ ಕಳ್ಳನ ನಡಿಗೆ. ಜನ ಸೇರಿದ್ದು ಫೋಟೋ ತೆಗೆದದ್ದಕ್ಕೆ ಅಂತ ನನಗನ್ನಿಸುವುದಿಲ್ಲ, ನೀವು ಓಡಿದ್ದಕ್ಕೆ.

ಜೋರು ಮಾಡಿದವರಿಗೆ ಅವರದೇ ಕಾರಣ ಇರುತ್ತದೆ. 2018ರಲ್ಲಿ ಕೇರಳದ ಆಹಾರ ಸುರಕ್ಷತೆ ಇಲಾಖೆ ಆಪರೇಷನ್ ಸಾಗರ್ ರಾಣಿ ಅಂತ ತಪಾಸಣೆ ಮಾಡಿ, ಕೆಡದಿರಲಿ ಅಂತ ಫಾರ್ಮಾಲಿನ್ ಅನ್ನುವ ವಿಷದ ರಾಸಾಯನಿಕ ಹಾಕಿದ ಮೀನನ್ನು ಲೋಡುಗಟ್ಟಲೆ ಹಿಡಿದದ್ದು ನಿಮಗೆ ನೆನಪಿರಬಹುದು. ಆಗ ಯಾವುದೋ ಊರಿನ ಮೀನಿನ ಫೋಟೋ ಯಾವುದೋ ಮಾರ್ಕೆಟಿನದ್ದು ಅಂತ ವಾಟ್ಸಾಪಿನಲ್ಲಿ ತಿರುಗಿತು. ಬೆಳಗ್ಗೆ ದಕ್ಕೆಯಿಂದ ತಾಜಾ ಬಂಗುಡೆ ತಂದವರ ಬುಟ್ಟಿಯೂ ಹಾಗೇ ಉಳಿಯಿತು. ಮೀನಿನವರು ಕ್ಯಾಮೆರಾ ಕಂಡರೆ "ಏದು ಚಾನಲಾ?", ಯಾವ ಚಾನಲ್ ಅಂತ ಕೇಳುವುದು ಸುಮ್ನೆ ಅಲ್ಲ.

ಇನ್ನೊಂದು ವಿಷಯ, ಇದು ನನಗೆ ಹೊಳೆಯಲು ಹತ್ತು ವರ್ಷ ಹಿಡಿಯಿತು. ನಮ್ಮ ಪೇಟೆಯ ಅಂಗಡಿಗಳಲ್ಲಿ ಕುಳಿತವರಲ್ಲಿ ಎಷ್ಟೋ ಜನ ದುಬೈ, ಶಾರ್ಜಾ ಕಡೆ ಹದಿನೈದು ಇಪ್ಪತ್ತು ವರ್ಷ ದುಡಿದು ಬಂದವರು. ಅಲ್ಲಿ ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆದರೆ ಕೇಸ್ ಆಗುತ್ತದೆ. ಅವರು "ಕೇಳದೆ ಯಾಕೆ ತೆಗೆದೆ?" ಅಂತ ಗದರಿದಾಗ ಅದು ಒರಟುತನ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಅವರಿಗೆ ಅದು ಇಷ್ಟು ವರ್ಷ ಪಾಲಿಸಿದ ಕಾನೂನು.

ಹಳ್ಳಿ ಕಡೆ ಹೋದರೆ ಇನ್ನೂ ಒಂದಿದೆ. ಎಣ್ಮಕಜೆ, ಪಡ್ರೆ ಕಡೆಯ ಮನೆಗಳಿಗೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಮಕ್ಕಳ ಫೋಟೋಗೆ ಅಂತ ಬಂದ ಕ್ಯಾಮೆರಾಗಳಿಗೆ ಲೆಕ್ಕ ಇಲ್ಲ. ಗೇರು ತೋಟಕ್ಕೆ ಮೇಲಿಂದ ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. ಇದರಲ್ಲಿ ಫೋಟೋಗಳ ಪಾಲು ದೊಡ್ಡದು. ಆದರೆ ಅದೇ ಮಗುವನ್ನು ನೂರನೇ ಸಲ ಅಂಗಳಕ್ಕೆ ತಂದು ಕೂರಿಸಿದ ತಾಯಿಗೆ ಸಾಕಾಗಿದೆ. ಅಂಥ ಊರಿಗೆ ಪರಿಚಯ ಇಲ್ಲದೆ ಕ್ಯಾಮೆರಾ ಹಿಡಿದು ಹೋಗಲೇಬೇಡಿ.

ಈಗ ಆಫೀಸಿನವರ ಮಾತು, ಫೋನಿನಲ್ಲಿ ತೆಗೆದರೆ ಗೊತ್ತಾಗಲ್ಲ ಅನ್ನೋದು. ನನಗೆ ಇದೇ ಎಲ್ಲಕ್ಕಿಂತ ಅಪಾಯದ ಸಲಹೆ ಅನ್ನಿಸುತ್ತದೆ. ಗೊತ್ತಾಗದ ಹಾಗೆ ತೆಗೆಯುವವನು ಸಿಕ್ಕಿಬಿದ್ದರೆ ಹೇಳೋದಕ್ಕೆ ಮಾತೇ ಇರುವುದಿಲ್ಲ. ಸೊಂಟದ ಹತ್ತಿರ ಫೋನ್ ಹಿಡಿದು, ಮೆಸೇಜ್ ನೋಡುವ ಹಾಗೆ ನಟಿಸಿ ತೆಗೆಯುವವರನ್ನು ಜನ ಬೇರೆ ಕಾರಣಕ್ಕೆ ಬಸ್ಸಿನಲ್ಲಿ ನೋಡಿದ್ದಾರೆ. ಅದೇ ಪಟ್ಟಿಗೆ ನಿಮ್ಮನ್ನೂ ಸೇರಿಸುತ್ತಾರೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ ಕ್ಯಾಮೆರಾ ಹಾಗಲ್ಲ. ಬೇಡ ಅಂದರೆ ಕೈ ಅಡ್ಡ ಹಿಡಿಯಲು ಅವರಿಗೆ ಒಂದು ಕ್ಷಣ ಸಿಗುತ್ತದೆ. ಆ ಒಂದು ಕ್ಷಣವೇ ನಿಮ್ಮನ್ನು ಕಾಯುವುದು.

ದೊಡ್ಡ ಲೆನ್ಸಿನ ಕಥೆಯೂ ಇದೇ. ದೂರದಿಂದ ತೆಗೆದರೆ ಸುರಕ್ಷಿತ ಅಂತ ಎಲ್ಲ ಹೊಸಬರೂ ಅಂದುಕೊಳ್ಳುತ್ತಾರೆ. ದೂರ ನಿಂತವರ ಮುಖ ಓದಲು ಆಗುವುದಿಲ್ಲ, ಮಾತಾಡಲು ಆಗುವುದಿಲ್ಲ. 250ಕ್ಕೆ ಎಳೆದು ನಿಂತಾಗ ನಿಮ್ಮ ಪಕ್ಕ ಏನಾಗುತ್ತಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ. ಆ ಲೆನ್ಸನ್ನು ಹಕ್ಕಿಗೆ ಇಟ್ಟುಕೊಳ್ಳಿ.

18–55 ಸಾಕು. ಅದನ್ನು ಬೀದಿಗೆ ಒಗ್ಗಿಸುವ ಒಂದು ಹಳೇ ಉಪಾಯ ಇದೆ. ಝೂಮ್ 24ಕ್ಕೆ ಇಡಿ, ಅಪರ್ಚರ್, ಅಂದರೆ ಬೆಳಕು ಬರುವ ಕಂಡಿ, ಎಫ್ 8, ಶಟರ್ ವೇಗ 1/250 ಸೆಕೆಂಡ್. ಸುಮಾರು 3 ಮೀಟರ್ ದೂರದ ಒಂದು ಕಂಬಕ್ಕೆ ಫೋಕಸ್ ಮಾಡಿ. ಮೂರು ಮೀಟರ್ ಅಂದರೆ ನಿಂತ ಆಟೋದ ಉದ್ದಕ್ಕಿಂತ ಒಂದು ಗೇಣು ಎರಡು ಗೇಣು ಜಾಸ್ತಿ. ಆಮೇಲೆ ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ತಿರುಗಿಸಿಬಿಡಿ. ಈಗ ಹೆಚ್ಚುಕಡಿಮೆ ಎರಡು ಮೀಟರಿನಿಂದ ಆಚೆಗಿನ ಇಡೀ ಅಂಗಡಿ ಮುಂಗಟ್ಟು ಸ್ಪಷ್ಟ ಬರುತ್ತದೆ. ಫೋಕಸ್ ಹುಡುಕುತ್ತಾ ಕಣ್ಣು ಮುಚ್ಚಿ ನಿಲ್ಲಬೇಕಾಗಿಲ್ಲ. ಎತ್ತಿದಿರಿ, ತೆಗೆದಿರಿ, ಇಳಿಸಿದಿರಿ, ಕಣ್ಣು ಮತ್ತೆ ಬೀದಿಗೆ. ಫೋಟೋಗ್ರಫಿ ಕ್ಲಾಸಿನಲ್ಲಿ ಇದನ್ನು ಒಳ್ಳೆಯ ಫೋಟೋಗೆ ಅಂತ ಹೇಳಿಕೊಡುತ್ತಾರೆ. ನಾನು ಹೇಳಿಕೊಡೋದು ಬದುಕಿ ಮನೆಗೆ ಬರೋದಕ್ಕೆ.

ಯಾಕೆಂದರೆ ಬೀದಿಯಲ್ಲಿ ನನಗೆ ನಿಜವಾಗಿ ಏಟು ಬಿದ್ದದ್ದು ಮನುಷ್ಯರಿಂದ ಅಲ್ಲ. ಒಂದು ಜುಲೈ ತಿಂಗಳು, ಹಳೇ ಬಸ್‌ಸ್ಟ್ಯಾಂಡ್ ಹತ್ತಿರ. ಮಳೆ ಆಗಷ್ಟೇ ನಿಂತಿತ್ತು. ಸಾಲಾಗಿ ಐದು ಕಪ್ಪು ಕೊಡೆ, ನಡುವೆ ಒಂದು ಕೆಂಪು. ಆರನೆಯದೂ ಚೌಕಟ್ಟಿನೊಳಗೆ ಬರಲಿ ಅಂತ ಹಿಂದಕ್ಕೆ ಎರಡು ಹೆಜ್ಜೆ ಇಟ್ಟೆ. ಎರಡನೇ ಹೆಜ್ಜೆಯ ಕೆಳಗೆ ಚರಂಡಿಯ ಚಪ್ಪಡಿ ಇರಲಿಲ್ಲ. ತೊಡೆವರೆಗೆ ಒಳಗೆ ಹೋದೆ. ಕ್ಯಾಮೆರಾವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆನಂತೆ, ನೋಡಿದವರು ಹೇಳಿ ನಕ್ಕರು. ಮೊಣಕಾಲಿಗೆ ಏಳು ಹೊಲಿಗೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಕಣ್ಣು ಕ್ಯಾಮೆರಾದಲ್ಲಿ ಇದ್ದರೆ ಕಾಲು ಕದಲಬಾರದು. ಜಾಗ ಬದಲಿಸಬೇಕಾದರೆ ಕ್ಯಾಮೆರಾ ಇಳಿಸಿ, ತಿರುಗಿ ನೋಡಿ, ಆಮೇಲೆ ಹೆಜ್ಜೆ.

ಹೈವೇ ಆರು ಪಥ ಆದ ಮೇಲೆ ಇದು ಇನ್ನೂ ಮುಖ್ಯ. ಸರ್ವಿಸ್ ರಸ್ತೆಯಲ್ಲಿ ಯಾವ ಕಡೆಯಿಂದ ಸ್ಕೂಟರ್ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಬಸ್ಸುಗಳ ವಿಷಯ ನಿಮಗೆ ನಾನು ಹೇಳಬೇಕಾ?

ಕಡಲ ಬದಿಗೆ ಹೋಗುವುದಾದರೆ ಬೆನ್ನು ನೀರಿಗೆ ಕೊಟ್ಟು ನಿಲ್ಲಬೇಡಿ. ಗಾಳಿ ಇಲ್ಲ, ಮಳೆ ಇಲ್ಲ, ಆದರೂ ಇದ್ದಕ್ಕಿದ್ದ ಹಾಗೆ ನೀರು ಏರಿ ಬರುವುದುಂಟು. ದೂರದ ಸಮುದ್ರದಲ್ಲಿ ಎಲ್ಲೋ ಎದ್ದ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಮುಟ್ಟುತ್ತದೆ. ಮಲಯಾಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಹೆಸರೇ ಎಲ್ಲ ಹೇಳುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಸಮುದ್ರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ, ಸುದ್ದಿಯಲ್ಲೂ ಬರುತ್ತದೆ. ಅಂಥ ದಿನ ಕಲ್ಲುಗಳ ಮೇಲೆ ಹತ್ತಬೇಡಿ.

ಕಾನೂನಿಗೆ ಬರೋಣ. ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಬಾರದು ಅಂತ ನಮ್ಮ ದೇಶದಲ್ಲಿ ಒಟ್ಟಾರೆ ನಿಷೇಧ ಇಲ್ಲ. 2024 ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಹೆಣ್ಣುಮಗಳು ಖಾಸಗಿಯಾಗಿ ಇರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದರ ಬಗ್ಗೆ. ಸ್ನಾನ, ಬಟ್ಟೆ ಬದಲಿಸುವುದು, ಈ ಥರದ್ದು. ಇದಕ್ಕೆ ಮುಂಚೆ ಇದ್ದ ಇಂಥದೇ ಕಲಮಿನ ಬಗ್ಗೆ 2024ರಲ್ಲಿ ಕೇರಳ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಮನೆ ಮುಂದೆ ಎಲ್ಲರಿಗೂ ಕಾಣುವ ಹಾಗೆ ನಿಂತ ಹೆಂಗಸಿನ ಫೋಟೋ ತೆಗೆದದ್ದು ಆ ಕಲಮಿಗೆ ಬರುವುದಿಲ್ಲ ಅಂದಿತು. ಆದರೆ ಅದೇ ಕೇಸಿನಲ್ಲಿ ಅಸಭ್ಯ ಸನ್ನೆ ಮಾಡಿದ ಆರೋಪವನ್ನು ಕೈಬಿಡಲಿಲ್ಲ. ಅಂದರೆ ಕ್ಯಾಮೆರಾ ಹಿಡಿದವರು ಹೇಗೆ ನಡೆದುಕೊಂಡರು ಅನ್ನೋದನ್ನೂ ಕೋರ್ಟ್ ನೋಡುತ್ತದೆ.

ದಾರಿಗೆ ಅಡ್ಡ ನಿಂತು ಹೋಗಲು ಬಿಡದಿರುವುದು ಅದೇ ಸಂಹಿತೆಯ 126ನೇ ಕಲಮಿನ ಪ್ರಕಾರ ಅಪರಾಧ. ಕ್ಯಾಮೆರಾ ಕಿತ್ತುಕೊಳ್ಳುವ ಹಕ್ಕು ದಾರಿಹೋಕರಿಗೆ ಇಲ್ಲ. ಪೊಲೀಸರು ವಶಕ್ಕೆ ತೆಗೆದುಕೊಂಡರೂ ಅದಕ್ಕೆ ಮಹಜರು, ರಶೀದಿ ಇರಬೇಕು. ಇದೆಲ್ಲ ನಿಜ. ಆದರೆ ಸಿಟ್ಟಾದ ಹತ್ತು ಜನರ ನಡುವೆ ನಿಂತು "126ನೇ ಕಲಂ" ಅಂದವರನ್ನು ನಾನು ಒಮ್ಮೆ ನೋಡಿದ್ದೇನೆ. ಹತ್ತು ಜನ ಇಪ್ಪತ್ತಾದರು. ಕಾನೂನು ಆಮೇಲೆ ಸ್ಟೇಷನ್ನಿನಲ್ಲಿ ಬೇಕಾಗುವ ಸಾಮಾನು. ಬೀದಿಯಲ್ಲಿ ಬೇಕಾಗೋದು ಬಾಯಿ.

ಹಾಗಾದರೆ ಡಿಲೀಟ್ ಮಾಡಿದ್ದು ಸರಿಯಾ? ಸರಿ. ನಾನೂ ಮಾಡುತ್ತೇನೆ. ಫೋಟೋದಲ್ಲಿ ಇರುವವರೇ ಬೇಡ ಅಂದರೆ ವಾದ ಇಲ್ಲ, ಅವರ ಎದುರೇ ತೆಗೆದುಹಾಕಿ. ಆದರೆ ಎಲ್ಲ ಫೋಟೋ ಅಲ್ಲ, ಅವರದ್ದು ಮಾತ್ರ. ಸಂಬಂಧ ಇಲ್ಲದವರು ಬಂದು ಒತ್ತಾಯ ಮಾಡಿದರೆ ಎರಡು ದಾರಿ. ಒಂದು, "ಅವರನ್ನೇ ಕೇಳೋಣ ಬನ್ನಿ" ಅಂತ ಆ ಹೆಂಗಸಿನ ಹತ್ತಿರವೇ ಹೋಗುವುದು. ಬಹಳ ಸಲ ಅವರು ಸ್ಕ್ರೀನ್ ನೋಡಿ ನಗುತ್ತಾರೆ, ಗಲಾಟೆ ಅಲ್ಲಿಗೇ ಮುಗಿಯುತ್ತದೆ. ಕೆಲವು ಸಲ ಅವರೇ ಸಿಟ್ಟಾಗುತ್ತಾರೆ, ಆಗ ನೀವು ಇನ್ನೂ ಒಳಗೆ ಸಿಕ್ಕಿಬಿದ್ದ ಹಾಗೆ. ಇನ್ನೊಂದು, ಡಿಲೀಟ್ ಮಾಡಿ ಹೊರಡುವುದು. ಜನ ಜಾಸ್ತಿ ಇದ್ದು, ದನಿ ಏರುತ್ತಿದ್ದರೆ ಎರಡನೆಯದೇ ಜಾಣತನ. ಕ್ಯಾಮೆರಾ ಮಾತ್ರ ಕೈಗೆ ಕೊಡಬೇಡಿ. ಪಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡೇ ತೋರಿಸಿ. ಒಂದು ಗುಟ್ಟು: ಡಿಲೀಟ್ ಆದ ಫೋಟೋ ಕಾರ್ಡಿನಿಂದ ತಕ್ಷಣ ಅಳಿಸಿಹೋಗುವುದಿಲ್ಲ. ಆ ಕಾರ್ಡಿಗೆ ಹೊಸದು ತೆಗೆಯದೆ ಮನೆಗೆ ತಂದು ರಿಕವರಿ ಸಾಫ್ಟ್‌ವೇರ್ ಹಾಕಿದರೆ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಒತ್ತಾಯಕ್ಕೆ ಕಳೆದುಕೊಂಡ ಬೇರೆ ಫೋಟೋಗಳಿಗೆ ಇದು ಉಪಯೋಗ. ಬೇಡ ಅಂದವರ ಮುಖವನ್ನು ಮಾತ್ರ ವಾಪಸ್ ತಂದು ಎಲ್ಲಿಯೂ ಹಾಕಬೇಡಿ.

ಗಾಬರಿಯಲ್ಲಿ ಮಲಯಾಳ ಬರಲ್ಲ ಅಂದಿರಿ. ಮೂರು ವಾಕ್ಯ ಬಾಯಿಪಾಠ ಮಾಡಿ, ಮಗ್ಗಿಯ ಹಾಗೆ. "ಒರು ಫೋಟೋ ಎಡುತ್ತೋಟ್ಟೇ?" ಒಂದು ಫೋಟೋ ತೆಗೆಯಲಾ ಅಂತ, ಇದು ತೆಗೆಯುವ ಮುಂಚೆ. "ಚಾನಲ್ ಒನ್ನುಮಲ್ಲ, ಇಷ್ಟಂಕೊಂಡ್ ಎಡುಕ್ಕುನ್ನದಾ." ಚಾನಲ್ ಏನಲ್ಲ, ಇಷ್ಟಕ್ಕೆ ತೆಗೆಯೋದು ಅಂತ, ಇದು ಯಾಕೆ ಅಂತ ಕೇಳಿದರೆ. "ವೇಂಡೆಂಗಿಲ್ ಕಳಯಾಂ." ಬೇಡ ಅಂದರೆ ತೆಗೆದುಹಾಕುತ್ತೇನೆ ಅಂತ. ಮುಂದೆ ಅಕ್ಕನಿಗೆ ಚೇಚ್ಚಿ, ಅಣ್ಣನಿಗೆ ಚೇಟ್ಟಾ, ಇಕ್ಕಾ ಅಂತ ಸೇರಿಸಿಕೊಳ್ಳಿ. ತುಳು ಬರುವವರ ಹತ್ತಿರ ತುಳುವಿನಲ್ಲೇ ಕೇಳಿ, ಅಕ್ಕ ಅನ್ನಿ. ಉಚ್ಚಾರ ತಪ್ಪಿದರೂ ಪರವಾಗಿಲ್ಲ. ತಪ್ಪು ಮಲಯಾಳ ಕೇಳಿ ನಕ್ಕವರು ಆಮೇಲೆ ಜಗಳ ಆಡಿದ್ದು ನಾನು ಕಂಡಿಲ್ಲ.

"ಕೇಳಿ ತೆಗೆದರೆ ಎಲ್ಲರೂ ಪೋಸ್ ಕೊಡುತ್ತಾರೆ, ಸಹಜ ಬರಲ್ಲ" ಅಂತ ನೀವು ಹೇಳಬಹುದು. ಮೊದಲ ಐದು ನಿಮಿಷ ಹೌದು. ಆಮೇಲೆ ಅವರಿಗೆ ಅವರ ಕೆಲಸ ಇರುತ್ತದೆ. ಪೇಟೆಯಲ್ಲಿ ಕೊಡೆ ರಿಪೇರಿ ಮಾಡುವ ಒಬ್ಬರು ಹಿರಿಯರಿದ್ದರು. ಮೊದಲ ದಿನ ಶರ್ಟಿನ ಗುಂಡಿ ಹಾಕಿ, ಕೈ ಮಂಡಿಯ ಮೇಲಿಟ್ಟು ಕುಳಿತರು, ಪಾಸ್‌ಪೋರ್ಟ್ ಫೋಟೋಗೆ ಕುಳಿತ ಹಾಗೆ. ತೆಗೆದೆ. ಆಮೇಲೆ ಪಕ್ಕದಲ್ಲೇ ಸುಮ್ನೆ ನಿಂತೆ. ಅವರು ಹಲ್ಲಿನಲ್ಲಿ ತಂತಿಯ ತುದಿ ಕಚ್ಚಿ ಹಿಡಿದು, ಮುರಿದ ಕಡ್ಡಿಗೆ ಮೂರು ಸುತ್ತು ಸುತ್ತಿ, ಕೊಡೆಯನ್ನು ಆಕಾಶಕ್ಕೆ ಬಿಚ್ಚಿ ತೂತು ಇದೆಯಾ ಅಂತ ನೋಡುವಾಗ ನಾನು ಇದ್ದೇನೆ ಅನ್ನೋದೇ ಅವರಿಗೆ ಮರೆತುಹೋಗಿತ್ತು. ಮುಂದಿನ ವಾರ ಎರಡೂ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ. ಗುಂಡಿ ಹಾಕಿದ್ದನ್ನು ಕಿಸೆಗೆ ಹಾಕಿದರು. ಇನ್ನೊಂದನ್ನು ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಸಿಕ್ಕಿಸಿದರು.

ಆಮೇಲೆ ಒಂದು ದಿನ ಅದೇ ಜಾಗದಲ್ಲಿ ಒಬ್ಬ ಹುಡುಗ ನನ್ನನ್ನು ತಡೆದ. ಯಾಕೆ ಫೋಟೋ, ಯಾರಿಗೆ, ಎಲ್ಲಿಗೆ ಅಂತ ಶುರು ಮಾಡಿದ. ನಾನು ಬಾಯಿ ತೆರೆಯುವ ಮುಂಚೆ ಈ ಹಿರಿಯರು ತಲೆ ಎತ್ತದೆ, ಹಲ್ಲಿನ ತಂತಿಯನ್ನೂ ಬಿಡದೆ ಹೇಳಿದರು: "ಅದ್ ನಮ್ಮಡೆ ಆಳಾ." ಅದು ನಮ್ಮವಳು. ಹುಡುಗ ಹೋದ. ಎರಡು ಪ್ರಿಂಟಿಗೆ ನಾನು ಕೊಟ್ಟ ದುಡ್ಡಿಗೆ ಅಪಾಯದಲ್ಲಿ ಊದುವ ಒಂದು ಸೀಟಿ ಕೂಡ ಬರುವುದಿಲ್ಲ. ಹೊಸ ಹೊಸ ಬೀದಿ ಹುಡುಕಬೇಡಿ. ಎರಡು ಮೂರು ಜಾಗಕ್ಕೆ ಪದೇ ಪದೇ ಹೋಗಿ.

ಇನ್ನು ಹಿಂದೆ ಬೀಳುವವರ ವಿಷಯ. ಇಲ್ಲಿ ನಗೆ, ಮಾತು, ಪ್ರಿಂಟ್ ಯಾವುದೂ ನಡೆಯುವುದಿಲ್ಲ. ಮಾತಾಡಿಸುವುದೇ ಬೇಡ. ಒಂದೇ ಮುಖ ಮೂರು ಕಡೆ ಕಂಡರೆ ಅದು ಕಾಕತಾಳೀಯ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ರಸ್ತೆ ದಾಟಿ, ಮತ್ತೆ ಈಚೆ ದಾಟಿ. ಅವನೂ ದಾಟಿದರೆ ಜನ ಇರುವ ಅಂಗಡಿಯೊಳಗೆ ಹೋಗಿ. ಮೆಡಿಕಲ್ ಶಾಪ್, ಬಟ್ಟೆ ಅಂಗಡಿ ಒಳ್ಳೆಯದು, ಕೆಲಸಕ್ಕೆ ಹೆಣ್ಣುಮಕ್ಕಳು ಇರುತ್ತಾರೆ. "ಒಬ್ಬ ಹಿಂದೆ ಬರುತ್ತಿದ್ದಾನೆ, ಸ್ವಲ್ಪ ಹೊತ್ತು ನಿಲ್ಲುತ್ತೇನೆ" ಅಂತ ನೇರ ಹೇಳಿ. ನಾಚಿಕೆ ಬೇಡ. ನಾನು ಹೇಳಿದಾಗ ಒಂದು ಬಟ್ಟೆ ಅಂಗಡಿಯ ಹುಡುಗಿ ಸ್ಟೂಲ್ ಕೊಟ್ಟು, ಚಾ ತರಿಸಿ, ತಾನೇ ಬಾಗಿಲಿಗೆ ಹೋಗಿ ಆ ಮನುಷ್ಯನನ್ನು ದಿಟ್ಟಿಸಿ ನಿಂತಳು. ಅಷ್ಟೇ ಸಾಕಾಯಿತು. ಸಾಕಾಗದಿದ್ದರೆ 112. ಕೇರಳದಲ್ಲಿ ಪಿಂಕ್ ಪೊಲೀಸ್ 1515, ಹೆಂಗಸರ ಸಹಾಯಕ್ಕೇ ಇರುವ ಗಾಡಿ. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ 1515 ನಂಬಿ ಕೂರಬೇಡಿ, 112 ಎರಡೂ ಕಡೆ ಇದೆ. ಹೊರಡುವಾಗ ವಾಟ್ಸಾಪಿನಲ್ಲಿ ಅಮ್ಮನಿಗೋ ಗೆಳತಿಗೋ ಲೈವ್ ಲೊಕೇಶನ್ ಹಾಕಿಬಿಡಿ. ಎಂಟು ಗಂಟೆವರೆಗೆ ಇಡಬಹುದು. ಫೋನ್ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿದರೆ ಮನೆಗೆ ಹೊರಡುವ ಹೊತ್ತು ಅಂತ ಲೆಕ್ಕ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ಅಡ್ಡಿ ಇಲ್ಲ. ನಾನು ಮೂರು ವರ್ಷ ಇಟ್ಟುಕೊಂಡಿದ್ದೆ, ಬ್ಯಾಗಿನ ತಳದಲ್ಲಿ, ಲೆನ್ಸ್ ಬಟ್ಟೆಯ ಕೆಳಗೆ. ಬೇಕಾದಾಗ ಅಲ್ಲಿಗೆ ಕೈ ಮುಟ್ಟಲು ಅರ್ಧ ನಿಮಿಷ. ಕಡಲ ಕಡೆಯ ಗಾಳಿಗೆ ವಾಪಸ್ ನಿಮ್ಮ ಮುಖಕ್ಕೇ ಬರುತ್ತದೆ. ಮಾರ್ಕೆಟಿನ ಗಲಾಟೆಯಲ್ಲಿ ಹೊಡೆದರೆ ಪಕ್ಕದ ನಾಲ್ಕು ಜನಕ್ಕೆ ತಾಗಿ, ಬಾಯಿ ಜಗಳ ನಿಜವಾದ ಜಗಳ ಆಗುತ್ತದೆ. ಒಂಟಿ ದಾರಿಗೆ ಮಾತ್ರ, ಕೈಗೆ ಸಿಗುವ ಕಿಸೆಯಲ್ಲಿ ಇರಲಿ. ನನ್ನ ಪ್ರಕಾರ ಕುತ್ತಿಗೆಯ ಸೀಟಿ ಅದಕ್ಕಿಂತ ಮೇಲು.

ಸಂಜೆಯ ಪ್ರಶ್ನೆಗೆ ಗಂಟೆ ಹೇಳುವುದು ಕಷ್ಟ. ಕತ್ತಲೆಗಿಂತ ಖಾಲಿ ಬೀದಿ ಕೆಟ್ಟದ್ದು. ರಂಜಾನ್ ತಿಂಗಳ ರಾತ್ರಿ ಒಂಬತ್ತಕ್ಕೂ ಎಂ.ಜಿ. ರಸ್ತೆಯಲ್ಲಿ ಮಕ್ಕಳು ಮರಿ ಕರೆದುಕೊಂಡು ಹೆಂಗಸರು ಬಟ್ಟೆ ಆರಿಸುತ್ತಿರುತ್ತಾರೆ, ನಾನು ಆರಾಮಾಗಿ ತೆಗೆಯುತ್ತೇನೆ. ಬೇರೆ ದಿನಗಳಲ್ಲಿ ನಮ್ಮ ಪೇಟೆ ಬೇಗ ಮಲಗುತ್ತದೆ. ಅಂಗಡಿಗಳ ಶಟರ್ ಎಳೆಯುವ ಸದ್ದು ಶುರು ಆಯಿತು ಅಂದರೆ ನಾನು ಕ್ಯಾಮೆರಾ ಮುಚ್ಚುತ್ತೇನೆ. ನಿಮಗೆ ಬದಿಯಡ್ಕದ ಬಸ್ ಬೇರೆ ನೋಡಬೇಕು. ಕೊನೆಯ ಬಸ್ಸಿಗೆ ಹೋಗುತ್ತೇನೆ ಅಂತ ಲೆಕ್ಕ ಹಾಕಬೇಡಿ, ಅದರ ಹಿಂದಿನದಕ್ಕೆ ಹಾಕಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ, ಅಂಗಡಿ ಎಲ್ಲ ಮುಚ್ಚಿರುವಾಗ, ಹಿಂದಿನ ಗಲ್ಲಿಗಳು ರಾತ್ರಿಗಿಂತ ಕಡೆ.

ತಮ್ಮನನ್ನು ಕರೆದುಕೊಂಡು ಹೋಗಿ ಅನ್ನುವ ಅಮ್ಮನ ಮಾತನ್ನು ತಳ್ಳಿಹಾಕುವುದಿಲ್ಲ. ಹೊಸ ಜಾಗಕ್ಕೆ, ಜಾತ್ರೆಗೆ, ರಾತ್ರಿಯ ಕೋಲ, ತೆಯ್ಯಂಗೆ ಯಾರಾದರೂ ಇರಲಿ. ಆದರೆ ತಮ್ಮನಿಂದ ಬೇರೆ ತೊಂದರೆ ಇದೆ. ಯಾರಾದರೂ ಜೋರು ಮಾಡಿದರೆ ನೀವು ಕ್ಷಮೆ ಕೇಳುವ ಮುಂಚೆ ಅವನು ಶರ್ಟಿನ ತೋಳು ಮಡಚುತ್ತಾನೆ. ಇಪ್ಪತ್ತರ ಹುಡುಗ ಜೊತೆಗಿದ್ದಾಗ ಜಗಳ ಜಾಸ್ತಿಯಾದದ್ದನ್ನು ನಾನು ಕಂಡಿದ್ದೇನೆ. ಅಲ್ಲದೆ ಅವನಿಗೆ ಹತ್ತು ನಿಮಿಷದಲ್ಲಿ ಬೇಜಾರು ಬರುತ್ತದೆ. ಕರೆದುಕೊಂಡು ಹೋದರೆ ಅವನಿಗೆ ಒಂದೇ ಕೆಲಸ ಕೊಡಿ: ನೀವು ಕ್ಯಾಮೆರಾದಲ್ಲಿ ಇರುವಾಗ ನಿಮ್ಮ ಬೆನ್ನಿನ ಕಡೆ ನೋಡುವುದು. ಮಾತು ನಿಮ್ಮದೇ. ಇನ್ನೊಬ್ಬ ಫೋಟೋಗ್ರಾಫರ್ ಗೆಳತಿ ಸಿಕ್ಕರೆ ಬಹಳ ಒಳ್ಳೆಯದು. ಐದಾರು ಜನರ ಗುಂಪು ಮಾತ್ರ ಬೇಡ, ಅದನ್ನು ಕಂಡರೆ ಬೀದಿಯೇ ಹೆದರುತ್ತದೆ.

ಕೆಲವು ಫೋಟೋ ನಾನು ತೆಗೆಯುವುದೇ ಇಲ್ಲ. ಪರಿಚಯ ಇಲ್ಲದ ಮಕ್ಕಳದ್ದು, ಅಪ್ಪನೋ ಅಮ್ಮನೋ ಕಣ್ಣೆದುರು ಇಲ್ಲದಿದ್ದರೆ ಇಲ್ಲ. ಮಿಠಾಯಿ ಕೊಟ್ಟು ತೆಗೆಯುವುದಂತೂ ಇಲ್ಲವೇ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದ್ದಾಗ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೊರಊರಿನವರ ಮೇಲೆ ಜನ ಮುಗಿಬಿದ್ದು ಒಬ್ಬ ಯುವಕ ಸತ್ತ. ಹೆಂಗಸು ಅಂತ ನಿಮಗೆ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ.

ಬೇಕಲ ಕೋಟೆಯಲ್ಲಿ, ಬೀಚಿನಲ್ಲಿ ಕುಳಿತ ಹುಡುಗ ಹುಡುಗಿಯರದ್ದೂ ತೆಗೆಯುವುದಿಲ್ಲ. ಬೆಳಕು ಎಷ್ಟೇ ಚೆನ್ನಾಗಿರಲಿ, ಬೆನ್ನು ಮಾತ್ರ ಕಾಣುತ್ತಿರಲಿ. ಮಂಗಳೂರಿನಿಂದ ಈಚೆ ಈ ಕರಾವಳಿಯಲ್ಲಿ ಯಾರ ಪಕ್ಕ ಯಾರು ಕುಳಿತರು ಅನ್ನೋದೇ ಜಗಳ. ನಿಮ್ಮ ಇನ್‌ಸ್ಟಾಗ್ರಾಮಿನ ಚೆಂದದ ಸೂರ್ಯಾಸ್ತದಿಂದ ಆ ಹುಡುಗಿಯ ಮನೆ ಬಾಗಿಲಿಗೆ ಯಾರು ಹೋಗುತ್ತಾರೆ ಅಂತ ಹೇಳಲು ಬರುವುದಿಲ್ಲ. ಸುರಕ್ಷತೆ ಅಂದರೆ ಬರೀ ತೆಗೆಯುವವರದ್ದಲ್ಲ, ಅಲ್ವಾ?

ಮೆರವಣಿಗೆ, ಹರತಾಳ, ಎರಡು ಗುಂಪಿನ ನಡುವೆ ಬಿಸಿ ಇರುವ ದಿನ ಕ್ಯಾಮೆರಾ ಮನೆಯಲ್ಲಿ. ಅಂಥ ದಿನ ನೀವು ಆಡುವ ಭಾಷೆಯಿಂದ, ಹಾಕಿದ ಬಟ್ಟೆಯಿಂದ ನಿಮ್ಮನ್ನು ಒಂದು ಕಡೆಗೆ ಸೇರಿಸಿಬಿಡುತ್ತಾರೆ. ಪತ್ರಿಕೆಯವರಿಗೆ ಕಾರ್ಡ್ ಇದೆ, ಹಿಂದೆ ಆಫೀಸ್ ಇದೆ. ನಮಗೆ ಇಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ತೆಗೆಯಬೇಕಾದರೆ ಮೊದಲು ಸ್ಟೇಷನ್ ಮಾಸ್ಟರ್ ಹತ್ತಿರ ಕೇಳಿ.

ಕಳ್ಳತನದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪಟ್ಟಿಯನ್ನು ಕುತ್ತಿಗೆಗೆ ಹಾಕಬೇಡಿ, ಬೈಕಿನವನು ಎಳೆದರೆ ನೀವೂ ಹೋಗುತ್ತೀರಿ. ಮಣಿಕಟ್ಟಿಗೆ ಸುತ್ತಿ. ಕ್ಯಾಮೆರಾದ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಅಂದಿರಿ, ಮಾರಿದವರಿಂದ ಹಳೇ ಬಿಲ್ ಅಥವಾ ಒಂದು ಚೀಟಿ ಕೇಳಿ ಪಡೆಯಿರಿ. ಕಳುವಾದರೂ ಬೇಕು, ಪೊಲೀಸರು "ಇದು ಯಾರದ್ದು?" ಅಂತ ಕೇಳಿದರೂ ಬೇಕು.

ಮುಂದಿನ ಶನಿವಾರ ಅದೇ ಮೀನು ಮಾರ್ಕೆಟಿಗೆ ಹೋಗಿ. ಬೇರೆ ಕಡೆಯಿಂದ ಶುರು ಮಾಡಿದರೆ ಆ ಜಾಗ ನಿಮಗೆ ಯಾವತ್ತೂ ಹೆದರಿಕೆಯದ್ದಾಗಿಯೇ ಉಳಿಯುತ್ತದೆ. ಚಿಕ್ಕ ಲೆನ್ಸ್ ಹಾಕಿದ ಕ್ಯಾಮೆರಾ ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿರಲಿ, ಆದರೆ ಅವತ್ತು ಫೋಟೋ ತೆಗೆಯಬೇಡಿ. ಆ ಹೆಂಗಸಿನ ಹತ್ತಿರವೇ ಅರ್ಧ ಕಿಲೋ ಬೂತಾಯಿ ಕೊಳ್ಳಿ, ಚೌಕಾಸಿ ಮಾಡಿ. ಅವತ್ತು ಜೋರು ಮಾಡಿದವರು ಅಲ್ಲೇ ಇದ್ದರೆ ನೀವೇ ಮೊದಲು ಮಾತಾಡಿಸಿ. ಮನೆಯಲ್ಲಿ ಮೀನು ತಿನ್ನದವರಾದರೆ ಹತ್ತಿರದಲ್ಲೇ ತರಕಾರಿಯವರೂ ಕುಳಿತಿರುತ್ತಾರೆ, ಅಲ್ಲಿಂದ ಶುರು ಮಾಡಿ.